ಕುಂಚಿಗೆಯ ಒಳಮಡಿಕೆಯಲ್ಲೊಂದು ಹೆಸರು

ಬೆಳಗಿನ ಆರು ಗಂಟೆ. ಬನಹಟ್ಟಿಯ ಮಗ್ಗಗಳು ಇನ್ನೂ ಸದ್ದು ಮಾಡಿಲ್ಲ. ಹೊಸ್ತಿಲ ಬೆಳಕಿಗೆ ಬೆನ್ನು ಕೊಟ್ಟು ಕುಳಿತ ಸಲೋಮೆವ್ವ ತಲೆಗೆ ಕಟ್ಟುವ ಬಿಳಿ ಕುಂಚಿಗೆಯ ಒಳಗು ಹೊರಗು ಮಾಡಿ, ಕೂಸಿನ ಕಿವಿ ತಾಗುವ ಕಡೆ ಕೆಂಪು ದಾರದಿಂದ ಹೆಸರು ಹೊಲಿಯುತ್ತಿದ್ದಾರೆ. ಅದನ್ನು ತಿರುಗಿಸಿ ಹಾಕಿದರೆ ಹೊರಗಿನವರಿಗೆ ಏನೂ ಕಾಣದು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಹೇಳುವ ತನಕ ಹೆಸರು ಗುಟ್ಟಾಗಿರಬೇಕು ಎಂಬುದು ಇವರ ಹಟ.

ಸಲೋಮೆವ್ವನಿಗೆ ಅರವತ್ತೆರಡು. ಗಂಡ ತೀರಿಕೊಂಡ ಮೇಲೆ ಹಗಲು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ, ಬೆಳಗು ಸಂಜೆ ಹೊಲಿದು ಬದುಕಿದವರು. ಮೂವತ್ತೊಂದು ವರ್ಷಗಳಿಂದ ಜಮಖಂಡಿ, ಮುಧೋಳ, ಬೀಳಗಿ ಕಡೆಯ ಕ್ರೈಸ್ತ ಮನೆಗಳಿಗೆ ತಿಂಗಳಿಗೆ ಐದಾರು ಕುಂಚಿಗೆ ಇವರದೇ. ಹೊಲಿಗೆಯ ಜೊತೆ ಹೆಸರೂ ಇವರೇ ಸೂಚಿಸಬೇಕು. ರಟ್ಟು ಕಿತ್ತ ನೋಟ್‌ಬುಕ್ಕಿನಲ್ಲಿ ಹೆಣ್ಣುಮಕ್ಕಳ ಹೆಸರೇ ಇನ್ನೂರ ಹದಿನಾಲ್ಕು. ಸುಸನ್ನ ಎಂದರೆ ಲಿಲ್ಲಿ ಹೂವು, ಹೀಬ್ರೂ ಮೂಲ. ಐರೀನ್ ಎಂದರೆ ಶಾಂತಿ, ಗ್ರೀಕ್. ಕ್ಲಾರಾ ಎಂದರೆ ಬೆಳಗುವವಳು, ಲ್ಯಾಟಿನ್. ಓದಿದ್ದು ಏಳನೆಯ ಇಯತ್ತೆ; ಅರ್ಥಗಳನ್ನೆಲ್ಲ ಪಾದ್ರಿಗಳ ಮನೆಯವರನ್ನು ಕಾಡಿಸಿ ಬರೆದುಕೊಂಡದ್ದು.

"ಚಂದ ಕೇಳತೈತಿ ಅಂದ್ರ ಸಾಲೂದಿಲ್ಲರಿ. ಆ ಕೂಸು ಜಲ್ಮಾ ಪೂರಾ ಅದನ್ನ ಹೊತ್ಕೊಂಡು ತಿರಗತೈತಿ," ಎನ್ನುತ್ತಾರೆ. ಈ ಎಚ್ಚರ ಒಂದು ತಪ್ಪಿನಿಂದ ಬಂದದ್ದು.

ಇಪ್ಪತ್ತಾರು ವರ್ಷಗಳ ಹಿಂದೆ ಮುಧೋಳದ ಪ್ರತಿಮಾ ತಮ್ಮ ಮಗಳಿಗೆ ಎರಡೇ ಅಕ್ಷರದ ಹೆಸರು ಬೇಕೆಂದರು. ನೋಟ್‌ಬುಕ್ಕಿನಲ್ಲಿ ಅರ್ಥದ ಜಾಗ ಖಾಲಿಯಿದ್ದ ಒಂದು ಹೆಸರು ಸಲೋಮೆವ್ವನ ಕಣ್ಣಿಗೆ ಬಿತ್ತು: ಮಾರಾ. ಹೊಲಿದು ಕೊಟ್ಟರು. ನಾಲ್ಕು ತಿಂಗಳ ಮೇಲೆ ಪಾದ್ರಿಗಳ ಹೆಂಡತಿ ಹೇಳಿದರು, ಮಾರಾ ಎಂದರೆ ಕಹಿ. ಸಲೋಮೆವ್ವ ಮರುದಿನವೇ ಮುಧೋಳದ ಬಸ್ಸು ಹತ್ತಿದರು. ಪ್ರತಿಮಾ ಬೈಯಲಿಲ್ಲ. "ಕೂಸು ಹೆಸರು ಕರದ್ರ ಹೊಳ್ಳಿ ನೋಡಾಕತ್ತೈತಿ. ಇನ್ನ ಇರಲಿ ಬಿಡು," ಎಂದರಂತೆ. ಆದರೆ ಬೆಳೆದ ಹುಡುಗಿಗೆ ಅದನ್ನು ಹೇಳುವ ಧೈರ್ಯ ಸಲೋಮೆವ್ವನಿಗೆ ಬರಲೇ ಇಲ್ಲ.

ಆ ಮಾರಾ ಈಗ ಜಮಖಂಡಿಯಲ್ಲಿ ನರ್ಸ್. ಹೋದ ತಿಂಗಳು ಹಸುಗೂಸನ್ನೆತ್ತಿಕೊಂಡು ಬಂದು, ಮಗಳ ಹೆಸರನ್ನು ಆಯಿಯೇ, ಎಂದರೆ ಸಲೋಮೆವ್ವನೇ, ಆರಿಸಬೇಕೆಂದು ಕುಳಿತಳು. ಸಲೋಮೆವ್ವ ಅಳುತ್ತಲೇ ಎಲ್ಲ ಒಪ್ಪಿಕೊಂಡರು. ಮಾರಾ ನಕ್ಕಳಂತೆ.

"ನನಗ ಸಾಲ್ಯಾಗಿದ್ದಾಗನ ಗೊತ್ತಾಗೇತಿ ಆಯಿ. ವಾರ್ಡಿನ್ಯಾಗ ಯಾರರ ಔಷಧಕ್ಕ ಮಾರಿ ಸೊಟ್ಟ ಮಾಡಿದ್ರ, ನನ್ನ ಹೆಸರೂ ಕಹೀನ ಐತಿ, ನಾ ಏನ್ ಕೆಟ್ಟಾಕಿ ಅದೀನೇನು ಅಂತೀನಿ. ನಕ್ಕೋತ ಕುಡೀತಾರು. ನೀ ಕೊಟ್ಟ ಹೆಸರು ಭಾಳ ಉಪಯೋಗ ಬಿದ್ದೈತಿ."

ಮಾರಾ ಇನ್ನೊಂದು ಮಾತೂ ಕೇಳಿದಳು. ಆಕೆಯ ಗಂಡನಿಗೆ ಅಕ್ಕತಂಗಿಯರಿಲ್ಲ. ಸೋದರತ್ತೆಯ ಜಾಗದಲ್ಲಿ ಆಯಿಯೇ ನಿಲ್ಲಬೇಕು. ಸಲೋಮೆವ್ವನಿಗೆ ಅಣ್ಣತಮ್ಮಂದಿರಿಲ್ಲ, ಸೋದರತ್ತೆಯಾಗುವ ಸರದಿ ಬಂದೇ ಇಲ್ಲ. ಸಾವಿರಾರು ಹೆಸರು ಹೊಲಿದ ಈ ಹೆಂಗಸು ಒಂದನ್ನೂ ಕೂಸಿನ ಕಿವಿಯಲ್ಲಿ ಹೇಳಿದವರಲ್ಲ. ಇದನ್ನು ಕೇಳಿ, ಇವರ ಬಗ್ಗೆ ಬರೆಯಲು ಬಂದಿದ್ದ ನಾನೂ ಜೊತೆಗೆ ಹೊರಟೆ.

ಇಂದು ಮಧ್ಯಾಹ್ನ, ಜಮಖಂಡಿಯಲ್ಲಿ ಮಾರಾಳ ಮನೆ. ಬೆಳಿಗ್ಗೆ ಹೊಲಿದ ಕುಂಚಿಗೆ ಕೂಸಿನ ತಲೆಯ ಮೇಲಿದೆ. ಸಲೋಮೆವ್ವ ತೊಟ್ಟಿಲಿಗೆ ಬಗ್ಗಿ "ಕುರ್ರ್" ಎಂದು ಕಿವಿಯಲ್ಲಿ ಹೆಸರು ಹೇಳುತ್ತಾರೆ. ನವೋಮಿ. ಹಿತವಾದವಳು, ಸವಿಯಾದವಳು, ಮೂವರನ್ನು ಕೇಳಿ ಖಾತ್ರಿ ಮಾಡಿಕೊಂಡ ಅರ್ಥ. ಹೆಸರು ಹೇಳಿದ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಬನಹಟ್ಟಿಯಿಂದ ಜೊತೆಗೆ ಬಂದ ನೆರೆಮನೆಯ ಕಸ್ತೂರೆವ್ವನೇ ಮೊದಲ ಗುದ್ದು ಹಾಕುತ್ತಾಳೆ. ಉಳಿದ ಹೆಂಗಸರೂ ಬಿಡುವುದಿಲ್ಲ.

ಸಂಜೆ ಬಸ್ಸಿನಲ್ಲಿ ಮರಳುವಾಗ, ನೋವಾಯಿತೇ ಎಂದು ಕೇಳುತ್ತೇನೆ.

ಸಲೋಮೆವ್ವ ಸೀಟಿಗೆ ಒರಗದೆ ನೆಟ್ಟಗೆ ಕುಳಿತಿದ್ದಾರೆ. "ಬೆನ್ನು ಇನ್ನೂ ಚುರುಚುರು ಅನ್ನಾಕತ್ತೈತ್ರಿ," ಎನ್ನುತ್ತಾರೆ. "ನಾಳೀತನಕರ ಹಿಂಗ ಇರಲಿ."