ಕಾಲಿಲ್ಲದ ಸುಂದರಿಯರು

ಜಯನಗರ ಆಗ ಎಷ್ಟು ಖಾಲಿಯಿತ್ತೆಂದರೆ, ಮೂರನೇ ಬ್ಲಾಕಿನಲ್ಲಿ ಯಾರಾದರೂ ಸೀನಿದರೆ ತಿಲಕ್ ನಗರದವರು ‘ಚಿರಂಜೀವಿ’ ಎಂದು ಹರಸುತ್ತಿದ್ದರು. ಅಂಥ ಕಾಲದಲ್ಲಿ, ಅರವತ್ತರ ದಶಕದ ಮೊದಲಲ್ಲಿ, ನಮ್ಮ ಪಕ್ಕದ ಮನೆಯ ಸತ್ಯಭಾಮಾ ಸೀರೆ ರವಿಕೆಗಳ ಚಿತ್ರ ಬರೆದೇ ಬದುಕುತ್ತೇನೆಂದು ಹೊರಟಳು. ಬಟ್ಟೆ ಅಂಗಡಿಗಳ ಜಾಹೀರಾತಿಗೆ, ದರ್ಜಿಗಳ ಗೋಡೆಗೆ ಅವಳು ಬರೆದು ಕೊಡುತ್ತಿದ್ದಳು. ಕೇಳಿದವರಿಗೆ ‘ಸ್ವತಂತ್ರ ಕಲಾವಿದೆ’ ಎನ್ನುತ್ತಿದ್ದಳು.

“ಅಂದ್ರೇನಮ್ಮ? ಸಂಬಳ ಇಲ್ಲ ಅನ್ನೋದಕ್ಕೆ ಸಂಸ್ಕೃತವಾ?” ಎಂದರು ಅವಳ ಸೋದರಮಾವ ಚಕ್ರಪಾಣಿ. ತಮ್ಮ ಆಫೀಸಿನಲ್ಲಿ ಅವಳಿಗೊಂದು ಟೈಪಿಸ್ಟ್ ಕುರ್ಚಿಯನ್ನು ಅವರು ಕಾದಿರಿಸಿಯೂ ಆಗಿತ್ತು.

ಭಾಮಾಳ ಕೈಗೆ ಎಲ್ಲ ಒಲಿದಿತ್ತು, ಹೆಂಗಸರ ಪಾದವೊಂದನ್ನು ಬಿಟ್ಟು. ಹಾಗಾಗಿ ಅವಳ ಸುಂದರಿಯರ ನೆರಿಗೆಗಳೆಲ್ಲ ನೆಲದ ಮೇಲೆ ಹರಿದಾಡುತ್ತಿದ್ದವು. ಅದನ್ನೇ ಹೊಸ ಫ್ಯಾಷನ್ ಎಂದು ತಿಳಿದ ನಮ್ಮ ಬಡಾವಣೆಯ ಹೆಂಗಸರು ಹಾಗೇ ಉಟ್ಟು ಓಡಾಡಿ, ಬೀದಿ ಗುಡಿಸುವವರಿಗೆ ಕೆಲಸವೇ ಇಲ್ಲದಂತೆ ಮಾಡಿದರು.

ಆಗ ಬಂದರು ಗೌರೀಶಂಕರ. ಗಾಂಧಿ ಬಜಾರಿನಲ್ಲಿ ಹೆಂಗಸರ ಚಪ್ಪಲಿ ಅಂಗಡಿ ತೆರೆದಿದ್ದರು. ಒಂದು ಚಿತ್ರ ಬೇಕು, ಮೆಚ್ಚಿಗೆಯಾದರೆ ವರ್ಷವಿಡೀ ಕೆಲಸ ಎಂದರು. ಮಾವ ಹಲ್ಲು ಬಿಟ್ಟರು. ಇದು ಸಿಕ್ಕರೆ ಕುಂಚ, ತಪ್ಪಿದರೆ ಸೋಮವಾರದಿಂದಲೇ ಟೈಪಿಂಗು ಎಂದು ಅವಳ ಬಾಯಿಂದ ಒಪ್ಪಿಸಿಕೊಂಡರು.

ತಾಯಿ ಲಕ್ಷ್ಮಮ್ಮನನ್ನು ನಿಲ್ಲಿಸಿಕೊಂಡು ಭಾಮಾ ಬರೆದದ್ದೇ ಬರೆದದ್ದು. ಪಾದವೊಂದು ಶುಂಠಿಯಾಯಿತು, ಇನ್ನೊಂದು ಸುವರ್ಣಗಡ್ಡೆ. “ನನ್ನ ಕಾಲು ಹಿಂಗಿದ್ದಿದ್ರೆ ನಿಮ್ಮಪ್ಪ ಒಪ್ತಿದ್ರೇನೇ?” ಎಂದು ಆಕೆ ಅಡುಗೆಮನೆಗೆ ಹೋಗಿಬಿಟ್ಟರು.

ಶುಕ್ರವಾರ ಮನೆಯಲ್ಲಿ ಅರಿಶಿನ ಕುಂಕುಮ. ಅಳುಮುಖ ಹೊತ್ತು ಜಗಲಿಗೆ ಬಂದ ಭಾಮಾ ಅಲ್ಲೇ ನಿಂತಳು. ಬಾಗಿಲ ಮುಂದೆ ಬಡಾವಣೆಯ ಚಪ್ಪಲಿಗಳೆಲ್ಲ ಸಭೆ ಸೇರಿದ್ದವು. ಒಂದು ಜೊತೆ ಆಗಲೇ ಗೇಟಿನತ್ತ ಮುಖ ಮಾಡಿತ್ತು. ಇನ್ನೊಂದು, ಒಡತಿಯಂತೆಯೇ, ಪಕ್ಕದವಳ ಮೇಲೆ ಹತ್ತಿ ಕೂತಿತ್ತು. ತಾಂಬೂಲ ಕೊಡುವುದನ್ನು ತಾಯಿಗೇ ಬಿಟ್ಟು ಅವಳು ಕಾಗದ ತಂದಳು.

ಭಾನುವಾರ ಗೌರೀಶಂಕರ ಚಿತ್ರ ಹಿಡಿದು ಕೂತರು. ತಮಾಷೆ ನೋಡಲು ಮಾವನೂ ಬಂದಿದ್ದರು. ರಂಗೋಲಿ, ಹೊಸಿಲು, ಅರೆ ತೆರೆದ ಬಾಗಿಲು, ಒಳಗೆ ಮರೆಯಾಗುವ ಸೀರೆಯ ಅಂಚು. ಹೊರಗೆ ಸಾಲಾಗಿ, ಮದುವಣಗಿತ್ತಿಯರಂತೆ, ಚಪ್ಪಲಿಗಳು.

“ಕಾಲೆಲ್ಲಮ್ಮಾ?”

“ಒಳಗಿದೆ ಸಾರ್. ಚಪ್ಪಲಿ ಹಾಕ್ಕೊಂಡು ಯಾರಾದ್ರೂ ಮನೆಯೊಳಗೆ ಬರ್ತಾರಾ?”

ಗೌರೀಶಂಕರ ಬಾಗಿಲಾಚೆ ಬಿಟ್ಟಿದ್ದ ತಮ್ಮ ಚಪ್ಪಲಿಗಳನ್ನು ನೋಡಿದರು, ಮತ್ತೆ ಚಿತ್ರವನ್ನು ನೋಡಿದರು. ದೀಪಾವಳಿಗೆ ಇನ್ನೂ ನಾಲ್ಕು ಬೇಕು, ಸಂಕ್ರಾಂತಿಯದು ಆಮೇಲೆ ಮಾತಾಡೋಣ ಎಂದರು.

ಅವರು ಹೋದ ಮೇಲೆ ಮಾವ ಮೆಲ್ಲಗೆ ಎದ್ದರು. “ಅಲ್ಲಮ್ಮ, ಆಫೀಸಲ್ಲಿ ಕೇಳಿದ್ರೆ ಏನು ಹೇಳ್ಲಿ?”

“ಮನೆಯಿಂದ ಕಾಲು ಹೊರಗಿಡೋಕೂ ಪುರುಸೊತ್ತಿಲ್ಲ ಅನ್ನಿ, ಮಾವ.”

“ಕಾಲಿದ್ರೆ ತಾನೇ ಇಡೋದು,” ಎಂದು ಗೊಣಗುತ್ತಾ ಅವರು ತಮ್ಮ ಚಪ್ಪಲಿ ಮೆಟ್ಟಿಕೊಂಡರು.