ಕ್ರಿಸ್‌ಮಸ್ ಮರಕ್ಕೆ ಮಾರು ಹೂವು

ಟೈಲರಮ್ಮನ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಬಟ್ಟೆ ಹೂವು ಮಾಡಲು ಸ್ಯಾಟಿನ್ ಎಸಳನ್ನು ಮೇಣದಬತ್ತಿಯ ಉರಿಗೆ ಹಿಡಿದು, ಅಂಚು ಮುದುರುತ್ತಿರುವಾಗಲೇ ಬೆರಳಿನಿಂದ ಒತ್ತಿ ಬಾಗಿಸಬೇಕು. ಒತ್ತಿ ಒತ್ತಿ ಅಲ್ಲಿನ ಚರ್ಮ ಹುಣಸೆ ಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಮಿಷನ್ನು ಆ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ಪ್ರತಿ ಸಲವೂ ಬೇರೆ ಬೆರಳು ಇಟ್ಟು, "ಇದಾದ್ರೂ ನಂದು ಅಂತ ಒಪ್ಕಳಪ್ಪ" ಎಂದು ಮಿಷನ್ನಿಗೇ ಹೇಳುತ್ತಿದ್ದರು.

ಆ ಬೆರಳನ್ನು ತೋರಿಸಿಯೇ ನಮ್ಮ ದೊಡ್ಡಪ್ಪ, ನಾನು ಟೈಲರಮ್ಮನ ಹತ್ತಿರ ದುಡಿದು ಡಿಗ್ರಿ ಮುಗಿಸುವುದು ಆಗದ ಮಾತು ಎಂದಿದ್ದು. ನಮ್ಮವ್ವನ ಜೊತೆ ಟೈಲರಮ್ಮನ ಅಂಗಡಿ ಬಾಗಿಲಲ್ಲಿ ನಿಂತು, ಅವರಿಗೂ ಕೇಳಿಸುವ ಹಾಗೆಯೇ ಹೇಳಿದರು: "ನಿನ್ ಮಗಳ ಕೈನೂ ಇಂಗೇ ಆಗ್ತೈತೆ ನೋಡ್ಕ. ಹೂವ ಸುಟ್ಕಂಡು ಡಿಗ್ರಿ ಮಾಡ್ದೋರು ನಮ್ ವಂಶದಾಗೆ ಯಾರವ್ರೆ? ಗೌಡಗೆರೆ ಕಡೆ ಒಳ್ಳೆ ಹುಡುಗ ಅವ್ನೆ, ಕೊಟ್ಬುಡು."

ನಮ್ಮ ವಂಶದಲ್ಲಿ ಹೂವು ಸುಡದೆಯೂ ಯಾರೂ ಡಿಗ್ರಿ ಮಾಡಿರಲಿಲ್ಲ. ಅಪ್ಪ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕಿದ್ದರು. ಮನೆಗೆ ಬಂದಾಗ ಊಟ ಮಾಡುವಷ್ಟು ಹೊತ್ತೂ ಎಚ್ಚರ ಇರುತ್ತಿರಲಿಲ್ಲ. ಕೊನೆಗೆ ಮನೆಯಲ್ಲಿ ಒಂದು ಮಾತಾಯಿತು. ಟೈಲರಮ್ಮನ ಹತ್ತಿರ ಕೆಲಸ ಇರುವ ತನಕ ನನ್ನ ಖರ್ಚು ನಾನು ನೋಡಿಕೊಂಡು ಓದಬಹುದು. ಕೆಲಸ ನಿಂತ ದಿನ ಗೌಡಗೆರೆ.

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟೈಲರಮ್ಮನ ಅಂಗಡಿ. ಅಂಗಡಿ ಎಂದರೆ ಒಂದು ಹೊಲಿಗೆ ಮಿಷನ್, ಒಂದು ಬೆಂಚು, ಹಿಂದೆ ಚಾಪೆ ಹಾಸುವಷ್ಟು ಜಾಗ. ಬೆಳಿಗ್ಗೆ ರವಿಕೆ ಹೊಲಿಯುತ್ತಿದ್ದರು. ಮಧ್ಯಾಹ್ನದ ಮೇಲೆ ನಾವು ನಾಲ್ಕು ಜನ ಹೆಂಗಸರು ಸೇರಿ, ಉಳಿದ ಬಟ್ಟೆಯಲ್ಲಿ ತಲೆಗೆ ಮುಡಿಯುವ ಹೂವು, ಬಾಗಿಲ ತೋರಣ ಮಾಡುತ್ತಿದ್ದೆವು. ನಾನು ಕಾಲೇಜು ಮುಗಿಸಿಕೊಂಡು ಬಂದು ಚೀಲ ಇಟ್ಟು ಕೂರುವ ಹೊತ್ತಿಗೆ ಟೈಲರಮ್ಮ "ಸಾಕಾಗೋತು ಕಣಮ್ಮ" ಎನ್ನುತ್ತಿದ್ದರು. ಇನ್ನು ಏಳುತ್ತಾರೆ ಎಂದು ಹೊಸಬರು ತಿಳಿಯಬೇಕು. ಹಾಗೆನ್ನುತ್ತಲೇ ಅವರು ಇನ್ನೊಂದು ಎಸಳು ಎತ್ತಿಕೊಳ್ಳುತ್ತಿದ್ದರು. ದಣಿದಿದ್ದೇನೆ ಎಂದು ಬಾಯಿ ಹೇಳಲಿ, ಕೈ ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅವರು ಪಾವಗಡದ ಕಡೆಯವರು, ಮನೆಮಾತು ತೆಲುಗು. ಏನೇ ಕೆಟ್ಟರೂ "ಏಂ ಕಾದು ಬುಡು" ಅನ್ನುವುದು ರೂಢಿ. ಏನೂ ಆಗಲ್ಲ ಎಂದು ಅರ್ಧ ತೆಲುಗಿನಲ್ಲಿ, ಬಿಡು ಎಂದು ಅರ್ಧ ನಮ್ಮ ಭಾಷೆಯಲ್ಲಿ.

ನಾನು ಬಿ.ಕಾಂ. ಎರಡನೇ ವರ್ಷ ಮುಗಿಸಿದ ಮೇಲೆ ಬೆಂಗಳೂರಿನ ಒಬ್ಬ ವ್ಯಾಪಾರಿ ಬಂದ. ಹೊರದೇಶಕ್ಕೆ ಸಾಮಾನು ಕಳಿಸುವವನು. ಕ್ರಿಸ್‌ಮಸ್ ಮರಕ್ಕೆ ಬಟ್ಟೆ ಹೂವು ಬೇಕು, ಚೆನ್ನಾಗಿ ಮಾಡಿಕೊಟ್ಟರೆ ಪ್ರತಿ ವರ್ಷವೂ ಕೆಲಸ ಎಂದ. ಫೋನಿನಲ್ಲಿ ಮರದ ಚಿತ್ರ ತೋರಿಸಿದ. ನಮ್ಮಲ್ಲಿ ಯಾರೂ ಅಂಥ ಮರ ನೋಡಿದವರಲ್ಲ. ಟೈಲರಮ್ಮ ಫೋನನ್ನು ದೂರ ಹಿಡಿದು ನೋಡಿ, "ಇದುಕ್ಕೆ ತನ್ನ ಹೂವೇ ಇಲ್ವೇನಪ್ಪ?" ಎಂದರು.

"ಇಲ್ಲಮ್ಮ. ನಾವೇ ಹಾಕ್ಬೇಕು."

"ಪಾಪ. ಮಾಡನ ಬುಡು."

ಕೆಂಪು, ಬಿಳಿ, ಬಂಗಾರದ ಬಣ್ಣ. ಬಟ್ಟೆಯನ್ನು ದುಂಡಗೆ ಕತ್ತರಿಸಿ, ಅಂಚು ಸುಟ್ಟು, ದೊಡ್ಡದರ ಮೇಲೆ ಚಿಕ್ಕದು ಜೋಡಿಸಿ, ನಡುವೆ ಮಣಿ ಇಟ್ಟು ಹೊಲಿಯುವುದು. ನನ್ನ ಕೂದಲು, ದಾವಣಿ, ಕಾಲೇಜಿನ ಕಾಸ್ಟಿಂಗ್ ಲೆಕ್ಕದ ಪುಸ್ತಕ ಎಲ್ಲವೂ ಸುಟ್ಟ ಸ್ಯಾಟಿನ್ ವಾಸನೆ. ಬಸ್ಸಿನಲ್ಲಿ ನಿಂತೇ ತೂಕಡಿಸಿ ಊರು ದಾಟಿ ಹೋಗಿ, ವಾಪಸು ನಡೆದು ಬಂದದ್ದೂ ಇದೆ.

ಹೂವು ಗುಡ್ಡೆಯಾದ ಮೇಲೆ ಟೈಲರಮ್ಮನಿಗೆ ಒಂದು ಯೋಚನೆ ಹತ್ತಿತು. "ಅವರ ಹಬ್ಬ. ನಾವು ಬಿಡಿ ಹೂವ ಕೊಟ್ಟು ಕಳಿಸೋದಾ? ಬಿಡಿ ಹೂವ ಹೆಣದ ಮ್ಯಾಲೆ ಎರಚ್ತಾರೆ. ಕಟ್ಟಿ ಕೊಡ್ಬೇಕು ಕಣ್ರೇ." ಅದು ನಮಗೆಲ್ಲ ಸರಿಯೆನಿಸಿತು. ನಮ್ಮ ಕಡೆ ಹಬ್ಬಕ್ಕೆ ಕೊಡುವ ಹೂವು ಮೊಳ, ಇಲ್ಲ ಮಾರು. ಕನಕಾಂಬರ ಕಟ್ಟುವ ಹಾಗೆ ಗಂಟಿನ ಮೇಲೆ ಗಂಟು ಬಿಗಿದು, ಎಲ್ಲವನ್ನೂ ಮಾರುಮಾರು ಕಟ್ಟಿ, ಸುರುಳಿ ಸುತ್ತಿ ಇಟ್ಟೆವು. ನೋಡಲು ಎಷ್ಟು ಚೆನ್ನಾಗಿತ್ತು ಎಂದರೆ, ಬೀದಿಯವರೆಲ್ಲ ಬಂದು ನೋಡಿ ಹೋದರು.

ವ್ಯಾಪಾರಿ ಬಂದು ಒಂದು ಸುರುಳಿ ಎತ್ತಿದ. ಅದು ಬಿಚ್ಚಿಕೊಂಡು ಬಾಗಿಲ ತನಕ ಹೋಯಿತು. "ಅಮ್ಮಾ, ಇದೇನು ಮಾಡಿಟ್ರಿ? ಒಂದೊಂದು ಕೊಂಬೆಗೆ ಒಂದೊಂದು ನೇತಾಕೋದು. ಮರಕ್ಕೆ ಸೀರೆ ಉಡಿಸ್ತಾರಾ?"

ಅವನು ಕೆಟ್ಟವನಲ್ಲ. ಸಿರಾಕ್ಕೆ ಹೋಗಿ ನಾಳೆ ಸಂಜೆ ಇದೇ ದಾರಿಯಲ್ಲಿ ವಾಪಸು ಬರುತ್ತೇನೆ, ಅಷ್ಟರಲ್ಲಿ ಬಿಡಿಸಿ ಒಂದೊಂದಕ್ಕೂ ದಾರದ ಕುಣಿಕೆ ಹಾಕಿದ್ದರೆ ಒಯ್ಯುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದ. ಮಾರನೇ ದಿನ ನನಗೆ ಐದನೇ ಸೆಮಿಸ್ಟರಿನ ಕಾಸ್ಟಿಂಗ್ ಪರೀಕ್ಷೆ. ತೋರಣದ ಕೆಲಸವನ್ನೆಲ್ಲ ಬಿಟ್ಟು ಇದಕ್ಕೇ ಕೂತಿದ್ದೆವು; ಆರ್ಡರ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಓದು ಹೋಯಿತು. ಒಂದು ಪೇಪರ್ ಬಿಟ್ಟರೆ ಆಮೇಲೆ ಕಟ್ಟಿಕೊಳ್ಳಬಹುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ, "ನಾಳೆ ನಾನು ಬೆಳಿಗ್ಗೆನೇ ಇಲ್ಲಿಗೆ ಬರ್ತೀನಿ" ಎಂದೆ.

ಆಗಲೇ ಬಿಚ್ಚಲು ಕೂತಿದ್ದ ಟೈಲರಮ್ಮ ಗಂಟಿನಿಂದ ಕಣ್ಣೆತ್ತಲಿಲ್ಲ. "ಯಾಕೆ?"

"ಬಿಚ್ಚೋಕೆ."

"ಕಟ್ಟಿದ್ದು ನಾವು, ಬಿಚ್ತೀವಿ ನಾವು. ನೀನು ಓದಿರೋದ್ನ ನಾವು ಬರಿಯಕಾಗ್ತೈತಾ? ಹೋಗು ಮಗ, ಪರೀಕ್ಷೆ ಬರಿ."

"ಆರ್ಡರ್ ಹೋದ್ರೆ?"

"ಏಂ ಕಾದು ಬುಡು. ಹೋಗು ಅಂದ್ನಲ್ಲ."

ಹೋದೆ. ಲೆಕ್ಕ ಬಿಡಿಸುವಾಗಲೂ ಕಣ್ಣೆದುರು ಗಂಟುಗಳೇ. ಬಿಗಿದ ದಾರಕ್ಕೆ ಕತ್ತರಿ ಹಾಕಿದರೆ ಹೂವಿನ ಬುಡ ಕಿತ್ತು ಬರುತ್ತದೆ, ಅದು ನನಗೆ ಗೊತ್ತಿತ್ತು. ಪರೀಕ್ಷೆ ಮುಗಿಸಿ ಓಡಿಕೊಂಡು ಬಂದರೆ ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಹೆಂಗಸರೆಲ್ಲ ತಮ್ಮ ಬುಟ್ಟಿ ಮುಚ್ಚಿಟ್ಟು ಬಂದು ಅಲ್ಲಿ ಕೂತಿದ್ದರು. ಕಟ್ಟುವ ಕೈಗೇ ಬಿಚ್ಚುವುದು ಗೊತ್ತು ಎಂದು ಟೈಲರಮ್ಮ ಒಬ್ಬೊಬ್ಬರನ್ನೇ ಕೇಳಿಕೊಂಡು ಕರೆತಂದಿದ್ದರು. ಉಗುರಿನಲ್ಲಿ ಗಂಟು ಮೀಟಿ ಸಡಿಲ ಮಾಡುತ್ತಾ ಅವರಲ್ಲೊಬ್ಬಳು ಗೊಣಗುತ್ತಿದ್ದಳು: "ಹುಟ್ಟಿದಾಗ್ನಿಂದ ಹೂವ ಕಟ್ಟಿವ್ನಿ. ಬಿಚ್ಚೋ ಕೆಲ್ಸ ಇವತ್ತೇ ಕಂಡಿದ್ದು. ಬಿಳೀ ಜನದ ಹಬ್ಬ ಅಂದ್ರೆ ಇಂಗೇ ಏನಕ್ಕ?"

"ಬಾಯಿ ಮುಚ್ಕಂಡು ಬಿಚ್ಚೇ" ಎಂದರು ಟೈಲರಮ್ಮ. ನನ್ನನ್ನು ಕಂಡು, "ಬರದ್ಯಾ?" ಎಂದಷ್ಟೇ ಕೇಳಿದರು.

"ಬರದೆ."

"ಅಂಗಾರೆ ಕೂತ್ಕ. ಕುಣಿಕೆ ಹಾಕು."

ವ್ಯಾಪಾರಿ ಬರುವ ಹೊತ್ತಿಗೆ ಹೂವೆಲ್ಲ ಬಿಡಿಯಾಗಿದ್ದವು. ಬುಡ ಸಡಿಲವಾದ ಒಂದಷ್ಟನ್ನು ಅವನು ಪಕ್ಕಕ್ಕಿಟ್ಟ, ಉಳಿದದ್ದನ್ನು ಡಬ್ಬಕ್ಕೆ ತುಂಬಿಸಿದ. ಮುಂದಿನ ವರ್ಷವೂ ಬಂದ. ಆ ಪೇಪರಿನಲ್ಲಿ ನಾನು ಪಾಸಾದೆ. ಹೆಚ್ಚು ಅಂಕ ಬರಲಿಲ್ಲ, ಆದರೆ ಪಾಸಾದೆ. ಈ ಮಾತನ್ನು ನಾಚಿಕೆಯಿಲ್ಲದೆ ಬರೆಯುತ್ತೇನೆ.

ಟೈಲರಮ್ಮ ಈಗಿಲ್ಲ. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣು ತಿಂದಿತು, ಆಮೇಲೆ ಕಾಲು. ಅಂಗಡಿ ಮುಚ್ಚಿ, ಪಾವಗಡದ ಆಚೆ ತಂಗಿಯ ಮನೆ ಸೇರಿದ್ದರು. ತೀರಿಕೊಳ್ಳುವುದಕ್ಕೆ ಕೆಲವು ತಿಂಗಳು ಮುಂಚೆ, ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ವಾರ, ನಾನು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ದನಿ ಕೇಳಿ ಗುರುತು ಹಿಡಿದರು. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ನೋಡುವ ಹಾಗೆ ಕಾಗದದ ಮೂಲೆ ಹಿಂಡಿ ನೋಡಿದರು.

"ದಪ್ಪ ಐತೆ" ಎಂದರು. "ಅಂಚು ಹೊಲಿಯಂಗಿಲ್ಲ ಇದುಕ್ಕೆ. ಲ್ಯಾಮಿನೇಷನ್ ಮಾಡ್ಸು."

ಆಮೇಲೆ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ನಾನು ಹೇಳುತ್ತಿದ್ದ ನನ್ನ ಹೊಸ ಕೆಲಸದ ಸುದ್ದಿಗೆ ಹೂಂ ಹೂಂ ಎನ್ನುತ್ತಾ ಹಾಗೇ ನಿದ್ದೆ ಹೋದರು. ಸಂಜೆಯ ಬಸ್ಸಿನ ಹೊತ್ತಾಗಿತ್ತು. ಮೆಲ್ಲಗೆ ಕಾಗದ ಎಳೆದುಕೊಳ್ಳಲು ಕೈ ಚಾಚಿದೆ. ಅವರ ತಂಗಿ ಒಳಗಿನಿಂದ ಬಂದು ನನ್ನ ಮೊಣಕೈ ಹಿಡಿದರು.

"ಇರ್ಲಿ ಬುಡಮ್ಮ. ನಮ್ಮಕ್ಕ ಇಷ್ಟು ನೆಮ್ಮದಿಯಾಗಿ ಮಲಗಿದ್ದು ನಾ ನೋಡಿಲ್ಲ. ಬೆಳಿಗ್ಗೆ ಬಸ್ಸಿಗೆ ಹೋಗೀವಂತೆ. ಮುದ್ದೆಗೆ ಎಸರಿಟ್ಟೀನಿ, ಒಳಿಕ್ಕೆ ಬಾ."