ಊದುಬತ್ತಿ ಮುಗಿಯುವ ಮೊದಲು

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಮೂಗಿಗೆ ಬಡಿದದ್ದು, ಇಷ್ಟನ್ನೇ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಹೇಳುತ್ತೇನೆ. ಆದರೆ ನಡೆದದ್ದು ನಿಜ. ಅಂದು ನನ್ನ ಜೊತೆಗಿದ್ದ ಮುನಿರಾಜು ಈಗಲೂ ಸುದ್ದಗುಂಟೆಪಾಳ್ಯದಲ್ಲೇ ಇದ್ದಾನೆ.

ನಾವಿಬ್ಬರೂ ಹೈಸ್ಕೂಲಿನಿಂದ ಸ್ನೇಹಿತರು. ಅವರದು ಪಾಳ್ಯದ ಹಳೆಯ ಬೇಸಾಯದ ಮನೆ. ನಮ್ಮದು ತುಮಕೂರಿನ ಕಡೆಯಿಂದ ಬಂದು ಜಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟ ಲಿಂಗಾಯತರ ಮನೆ. ಅರವತ್ತರ ದಶಕದ ನಡುವೆ ಒಂದು ವರ್ಷ, ಮದುವೆಗೆ ಮೊದಲು ಒಂದಾದರೂ ಪರದೇಶ ನೋಡಬೇಕೆಂದು ಹಟ ಹಿಡಿದು ಮದರಾಸಿನಲ್ಲಿ ಹಡಗು ಹತ್ತಿದೆವು. ಬೆನ್ನಿಗೆ ಒಂದೊಂದು ಮಿಲಿಟರಿ ಚೀಲ. ಇಳಿದದ್ದು ಮಲೇಶಿಯಾದ ಪಿನಾಂಗ್ ಪಟ್ಟಣದಲ್ಲಿ. ತಮಿಳರ ದೇವಸ್ಥಾನದ ಪಕ್ಕದ ಛತ್ರದಲ್ಲಿ, ಮಹಡಿಯ ಮೇಲೊಂದು ಕೋಣೆ ಸಿಕ್ಕಿತು.

ಆ ದಿನ ಬೆಳಗ್ಗೆ ಬೆಟ್ಟ ಹತ್ತುವ ಪುಟ್ಟ ರೈಲಿನಲ್ಲಿ ಹೋಗಿ ಸಮುದ್ರ ನೋಡಿದೆವು. ಮಧ್ಯಾಹ್ನ ಚೀನೀಯರ ಬೀದಿಗಳಲ್ಲಿ ಅಲೆದೆವು. ಕೆಂಪು ಕಾಗದದ ದೀಪಗಳು, ಒಣಮೀನಿನ ವಾಸನೆ, ಎಲ್ಲೆಲ್ಲೂ ಹೊಗೆ... ಯಾವ ಅಂಗಡಿಯಲ್ಲಿ ಕೇಳಿದರೂ ಅನ್ನದಲ್ಲಿ ಮಾಂಸವೋ ಮೀನೋ ಇದ್ದೇ ಇತ್ತು. ನಾನು ಮುಟ್ಟುವಂತಿರಲಿಲ್ಲ. ಮುನಿರಾಜು ಎಲ್ಲವನ್ನೂ ತಿನ್ನುವವನು. ಆದರೂ ನಾನು ಹಸಿದಿರುವಾಗ ತಾನೊಬ್ಬನೇ ತಿನ್ನಲಾರೆ ಎಂದು ಅವನೂ ಉಪವಾಸ ಇದ್ದ. ಬೈಯುವುದನ್ನು ಮಾತ್ರ ಬಿಡಲಿಲ್ಲ.

"ಶಿವು, ನಿನ್ನನ್ನ ಕಟ್ಕೊಂಡು ದೇಶ ಸುತ್ತೋದೂ ಒಂದೇ, ಮಡೀಲಿರೋ ಅಜ್ಜಿನ ಸಂತೆಗೆ ಕರ್ಕೊಂಡು ಹೋಗೋದೂ ಒಂದೇ."

ಕತ್ತಲಾಗುವ ಹೊತ್ತಿಗೆ ದಾರಿ ತಪ್ಪಿದೆವು. ಒಂದು ಸಣ್ಣ ಬೀದಿ. ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಮನೆಯ ಮುಂದೆ, ರಸ್ತೆಯ ಅಂಚಿನಲ್ಲೇ ಕಾಗದ ಹಾಸಿ ಕಿತ್ತಳೆ, ಬಿಳಿ ಅನ್ನ, ಗುಲಾಬಿ ಬಣ್ಣದ ಸಿಹಿ ಕಡುಬು, ಚಹದ ಬಟ್ಟಲು ಇಟ್ಟಿದ್ದರು. ಪಕ್ಕದಲ್ಲಿ ಮರಳು ತುಂಬಿದ ಡಬ್ಬದಲ್ಲಿ ಊದುಬತ್ತಿಗಳು ಉರಿಯುತ್ತಿದ್ದವು. ಯಾರೂ ಕಾವಲಿರಲಿಲ್ಲ.

ಪ್ರಸಾದ ಎಂದೆ ನಾನು. ದೇವರ ಮುಂದೆ ಇಟ್ಟದ್ದನ್ನು ದಾರಿಹೋಕರಿಗಾಗಿಯೇ ಇಟ್ಟಿರುತ್ತಾರೆ, ನಮ್ಮೂರಿನಲ್ಲೂ ಹಂಚುವುದಿಲ್ಲವೇ ಎಂದು ವಾದಿಸಿದೆ. ಮುನಿರಾಜು ಸುತ್ತ ನೋಡಿದ.

"ದೇವ್ರು ಎಲ್ಲೋ ಇಲ್ಲಿ? ಇದು ಎಡೆ ಥರ ಕಾಣ್ತದೆ ಕಣೋ."

ಅವರ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುವುದನ್ನು ನಾನೂ ನೋಡಿದ್ದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕಾಯುತ್ತಾರೆ. ಹಿರಿಯರು ಉಂಡರು ಎನಿಸುವಷ್ಟು ಹೊತ್ತು ಕಳೆದ ಮೇಲೆಯೇ ಬಾಗಿಲು ತೆಗೆಯುವುದು, ಆಮೇಲೆಯೇ ಉಳಿದವರು ಉಣ್ಣುವುದು.

"ಊದುಬತ್ತಿ ಮುಗೀಲಿ, ಆಮೇಲೆ ತಗೊಳ್ಳೋಣ" ಎಂದ ಮುನಿರಾಜು.

ನಾನು ಕಾಯಲಿಲ್ಲ. ಬಗ್ಗಿ ಒಂದು ಕಿತ್ತಳೆ ಎತ್ತಿಕೊಂಡೆ. ಸುಲಿದು ನಾಲ್ಕು ತೊಳೆ ಬಾಯಿಗೆ ಹಾಕಿಕೊಂಡೆ. ಉಳಿದದ್ದನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ತಿಂದ.

ಎದುರು ಮನೆಯ ಕಿಟಕಿಯಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಬೈಯಲಿಲ್ಲ, ಕೂಗಲಿಲ್ಲ. ನಿಧಾನವಾಗಿ ಕಿಟಕಿ ಮುಚ್ಚಿಕೊಂಡಳು... ಅಷ್ಟೇ.

ಕೇಳಿಕೊಂಡು ಕೇಳಿಕೊಂಡು ಛತ್ರ ಸೇರಿದೆವು. ಅಲ್ಲಿನ ಕಾವಲುಗಾರ ತಂಜಾವೂರಿನ ಕಡೆಯ ವಯಸ್ಸಾದ ತಮಿಳ. ನಮ್ಮ ಕೈಯ ಕಿತ್ತಳೆ ವಾಸನೆ ಹಿಡಿದೋ ಏನೋ, ಎಲ್ಲಿ ತಿಂದಿರಿ ಎಂದು ಕೇಳಿದ. ಹೇಳಿದೆವು. ಅವನ ಮುಖ ಬದಲಾಯಿತು. ಚೀನೀಯರಿಗೆ ಇದು ಸತ್ತವರು ಊರಿಗೆ ಬರುವ ತಿಂಗಳು, ಅವರಲ್ಲಿ ಯಾರೂ ದಿಕ್ಕಿಲ್ಲದ ಸತ್ತವರಿಗೆ ಬೀದಿಯಲ್ಲಿ ಅನ್ನ ಇಡುತ್ತಾರೆ ಎಂದ. ಊದುಬತ್ತಿ ಉರಿಯುತ್ತಿತ್ತೇ ಎಂದು ಕೇಳಿದ. ಉರಿಯುತ್ತಿತ್ತು. ಹಾಗಾದರೆ ಅವರ ಊಟ ಇನ್ನೂ ಮುಗಿದಿರಲಿಲ್ಲ, ಮೊದಲು ಕೈ ಹಾಕಿದವರು ಯಾರು ಎಂದು ಇಬ್ಬರ ಮುಖವನ್ನೂ ನೋಡಿದ.

"ನಾನು" ಎಂದ ಮುನಿರಾಜು.

ನಾನು ಚೀಲದ ಪಟ್ಟಿ ಬಿಚ್ಚುತ್ತ ತಲೆ ತಗ್ಗಿಸಿಕೊಂಡೇ ಇದ್ದೆ.

ಕಾವಲುಗಾರ ಅವನ ಹಣೆಗೆ ವಿಭೂತಿ ಹಚ್ಚಿ, ರಾತ್ರಿ ಯಾರು ಬಾಗಿಲು ತಟ್ಟಿದರೂ ತೆಗೆಯಬೇಡ ಎಂದ. ಮೆಟ್ಟಿಲು ಹತ್ತುವಾಗ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ಮುನಿರಾಜು ನಕ್ಕುಬಿಟ್ಟ. "ನೀನು ಮೊದ್ಲೇ ಹೆದರುಪುಕ್ಲ. ಮಲಕ್ಕೋ."

ಎಷ್ಟು ಹೊತ್ತಿನಲ್ಲಿ ಎಚ್ಚರವಾಯಿತೋ ತಿಳಿಯದು. ಕೋಣೆಯ ತುಂಬ ಊದುಬತ್ತಿಯ ವಾಸನೆ... ಅದರಡಿಯಲ್ಲಿ ಕೆಸರಿನ ವಾಸನೆ. ಹೊರಗಿನ ಮರದ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು. ಒಬ್ಬರದಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕಾಯುವವರು ನಿಂತಲ್ಲೇ ಕಾಲು ಬದಲಾಯಿಸುತ್ತಾರಲ್ಲ, ಹಾಗೆ. ಬಾಗಿಲನ್ನು ಯಾರೂ ತಟ್ಟಲಿಲ್ಲ.

ಮುನಿರಾಜು ಎದ್ದು ಹೋಗಿ ತಾನಾಗಿಯೇ ಬಾಗಿಲು ತೆರೆದ.

ಸೊಳ್ಳೆ ಪರದೆಯೊಳಗಿಂದ ನನಗೆ ಕಂಡದ್ದು ಅವನ ಬೆನ್ನು ಮಾತ್ರ. ಅದರಾಚೆ ಕತ್ತಲು. ಅವನು ಯಾರಿಗೋ ಮೆಲ್ಲಗೆ ಉತ್ತರ ಕೊಡುತ್ತಿದ್ದ. ಕನ್ನಡದಲ್ಲಿ. ಕೇಳುವವರ ದನಿ ನನಗೆ ಕೇಳಿಸಲಿಲ್ಲ.

"ಹೂಂ... ನಾನೇ ತಗೊಂಡಿದ್ದು... ಬಾಳ ಹಸಿವಾಗಿತ್ತು ಕಣವ್ವ..."

ಮುನಿರಾಜು ತಿರುಗಿ ನನ್ನ ಮಂಚದ ಕಡೆ ನೋಡಿದ. ನಾನು ಕಣ್ಣು ಮುಚ್ಚಿಕೊಂಡೆ. ಎದ್ದು ಅವನ ಪಕ್ಕದಲ್ಲಿ ನಿಲ್ಲಬಹುದಿತ್ತು. ಕೈ ಹಿಡಿದು ಒಳಗೆ ಎಳೆದುಕೊಳ್ಳಬಹುದಿತ್ತು. ನಾನು ಉಸಿರನ್ನೂ ಬಿಗಿಹಿಡಿದು, ನಿದ್ದೆಯಲ್ಲಿರುವವನಂತೆ ಬಿದ್ದುಕೊಂಡಿದ್ದೆ. ಬಾಗಿಲು ಮುಚ್ಚಿದ ಸದ್ದು ಕೇಳಿದ್ದು ಬಹಳ ಹೊತ್ತಿನ ಮೇಲೆ.

ಬೆಳಗ್ಗೆ ಅವನು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ್ತಿಲ ಹೊರಗೆ ಹಲಗೆಗಳು ಒದ್ದೆಯಾಗಿದ್ದವು. ರಾತ್ರಿ ಮಳೆ ಬಂದಿತ್ತೇ ಎಂದು ಕಾವಲುಗಾರನನ್ನು ಕೇಳಿದೆ. ಇಲ್ಲ ಎಂದ.

ಹಡಗಿನಲ್ಲಿ ವಾಪಸು ಬರುವಾಗಲೇ ನಾನು ಗಮನಿಸಿದ್ದು. ತಟ್ಟೆ ಮುಂದಿಟ್ಟರೆ ಮುನಿರಾಜು ಕೈ ಹಾಕುತ್ತಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದ. ಊರಿಗೆ ಬಂದ ಮೇಲೂ ಹಾಗೆಯೇ. ಕೆಲವೇ ತಿಂಗಳಲ್ಲಿ ಅವನ ಅಂಗಿಗಳು ಸಡಿಲವಾದವು, ಕೆನ್ನೆ ಒಳಸರಿಯಿತು. ಡಾಕ್ಟರರು ಪರೀಕ್ಷೆ ಮಾಡಿ ರೋಗವಿಲ್ಲ ಎಂದರು. ಅವನ ತಾಯಿ ಒಂದು ದಿನ ನನ್ನನ್ನು ಅಂಗಳದಲ್ಲಿ ತಡೆದು ಕೇಳಿದರು.

"ಅನ್ನ ಆರಿ ತಣ್ಣಗಾಗೋಗಂಟ ಮುಟ್ಟಲ್ಲ ಕಣಪ್ಪ. ಆಮ್ಯಾಕೆ ರುಚಿನೇ ಇಲ್ಲ ಅಂತ ಎದ್ದು ಹೋಗ್ತಾನೆ. ಅಲ್ಲಿ ಏನಾಯ್ತು, ನೀನಾದ್ರೂ ಹೇಳು."

ಏನೂ ಆಗಲಿಲ್ಲ ಎಂದೆ.

ಮುನಿರಾಜು ಒಳಗಿನಿಂದ ಕೇಳಿಸಿಕೊಂಡಿರಬೇಕು. ತಾಯಿ ಅಡುಗೆ ಮನೆಗೆ ಹೋದ ಮೇಲೆ ಹೊರಗೆ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂತ. ಆಮೇಲೆ, ಹವಾಮಾನದ ವಿಷಯ ಹೇಳುವವನಂತೆ ಹೇಳಿದ.

"ಅವತ್ತು ಅವ್ರು ಕೇಳಿದ್ದು ಒಂದೇ. ನಿನ್ ಜೊತೆ ಇನ್ನೊಬ್ಬ ಯಾರು ತಿಂದಿದ್ದು ಅಂತ. ಯಾರೂ ಇಲ್ಲ, ನಾನೊಬ್ನೇ ಅಂದೆ."

ನಾನು ಸೈಕಲ್ಲಿನ ಬೀಗದ ಕೈಯನ್ನು ಬೆರಳಲ್ಲಿ ತಿರುವುತ್ತ ಕೂತೆ.

"ಇನ್ನೂ ಕೇಳ್ತಾನೇ ಇದಾರೆ ಕಣೋ."

ನನ್ನ ಹೆಸರು ಹೇಳಿಬಿಡು ಎನ್ನಬೇಕಿತ್ತು. ಅಷ್ಟರಲ್ಲಿ ಅವನ ತಾಯಿ ಇಬ್ಬರಿಗೂ ತಟ್ಟೆ ತಂದರು. ಬಿಸಿ ಮುದ್ದೆಯಿಂದ ಹಬೆ ಏಳುತ್ತಿತ್ತು. ಮುನಿರಾಜು ಕೈ ಕಟ್ಟಿ ಕೂತ. ನನ್ನದು ಊಟ ಆಗಿದೆ ಎಂದು ಸುಳ್ಳು ಹೇಳಿ ಸೈಕಲ್ ಹತ್ತಿದೆ.

ಅದಾದ ಮೇಲೆ ಎಷ್ಟೋ ಸಲ ಅವನ ಮನೆಗೆ ಹೋಗಿದ್ದೇನೆ. ಆ ಮಾತನ್ನು ಇನ್ನೂ ಹೇಳಿಲ್ಲ. ಅವನೂ ನನ್ನ ಹೆಸರನ್ನು ಇನ್ನೂ ಹೇಳಿಲ್ಲ ಎಂದು ನನಗೆ ಗೊತ್ತು... ಏಕೆಂದರೆ ನನ್ನ ಬಾಗಿಲಿಗೆ ಯಾರೂ ಬಂದಿಲ್ಲ.